ತಾರೀಕಿಲ್ಲದ ಚೀಟಿ

ಲಕ್ಷ್ಮೀ ನಗರ, ನಾಗಪುರ
14 ಜೂನ್ 2025

ತೀರ್ಥರೂಪು ಅಪ್ಪನವರಿಗೆ,

ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯಬೇಕು ಅಂತ ಅಮ್ಮ ಹೇಳಿಕೊಟ್ಟಿದ್ದಾಳೆ. ಅಮ್ಮ ಕ್ಷೇಮ. ನಾನು ಕ್ಷೇಮವಾಗಿಲ್ಲ, ತಲೆ ಕೆಟ್ಟುಹೋಗಿದೆ.

ಫೋನಿನಲ್ಲಿ ನಾನು ಕಿರುಚುತ್ತೇನಂತೆ, ಅದಕ್ಕೇ ನೀವು ಫೋನು ಇಟ್ಟುಬಿಡುತ್ತೀರಂತೆ, ಹೇಳುವುದೇನಿದ್ದರೂ ಕಾಗದದಲ್ಲಿ ಬರೆದು ಕಳಿಸಬೇಕಂತೆ. ಸರಿ, ಬರೆಯುತ್ತಿದ್ದೇನೆ. ಕಾಗದದಲ್ಲೂ ಕಿರುಚಬಹುದು ಎನ್ನುವುದು ನಿಮಗೆ ಈಗ ಗೊತ್ತಾಗುತ್ತದೆ. ಲೀಲತ್ತೆಯ ಮಂಡಿ ಆಪರೇಷನ್ನಿಗೆ ಮೂರು ವಾರ ಇದ್ದು ಬರುತ್ತೇನೆ ಎಂದು ಫೆಬ್ರವರಿಯಲ್ಲಿ ಮೈಸೂರಿಗೆ ಹೋದವರು ನೀವು. ಮೊನ್ನೆ ಲೀಲತ್ತೆ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ನಿಂತ ಫೋಟೋ ಅಮ್ಮನಿಗೆ ಕಳಿಸಿದ್ದಾರೆ. ಮಂಡಿ ವಾಸಿಯಾಗಿದೆ ಅಪ್ಪ. ನಿಮಗೆ ವಾಸಿಯಾಗಬೇಕಾದ್ದು ಇನ್ನೇನು?

ನಿಮ್ಮ ಸಿಟ್ಟಿಗೆ ಕಾರಣ ನನಗೆ ಗೊತ್ತು. ಜನವರಿಯಲ್ಲಿ ನಾನು ನಮ್ಮ ಪಶು ಕ್ಲಿನಿಕ್ಕಿನಲ್ಲಿದ್ದ ನಿಮ್ಮ ಬೀರು ಖಾಲಿ ಮಾಡಿದೆ. ಅವಧಿ ಎಂದೋ ಮುಗಿದಿರಬೇಕಾದ ಔಷಧಿಯೇ ಏಳು ಡಬ್ಬ ಇತ್ತು, ಬಿಚ್ಚಿಯೂ ನೋಡಲಿಲ್ಲ. ನಿಮ್ಮ ಪದ್ಧತಿಯಂತೆ ಮೋರಿಗೆ ಸುರಿಯಲಿಲ್ಲ, ಆಸ್ಪತ್ರೆ ಕಸದ ಗಾಡಿಗೆ ಕೊಟ್ಟೆ. ಅದು ತಪ್ಪಾ? ಒಂದು ಮಾತು ಕೇಳಬೇಕಿತ್ತು, ಒಪ್ಪಿದೆ. ಆದರೆ ಐದು ತಿಂಗಳು ಮುನಿಸಿಕೊಳ್ಳುವಂಥದ್ದೇನು ಇತ್ತು ಅದರಲ್ಲಿ?

ಇಲ್ಲಿನ ಕಥೆ ಕೇಳಿ. ಕಸ ಕಡಿಮೆ ಮಾಡೋಣ ಎಂದು ಸಿದ್ದೇಶನಿಗೆ ಹೇಳಿದೆ. ಇಪ್ಪತ್ತೆರಡು ವರ್ಷ ನಿಮ್ಮ ಕೈಕೆಳಗೆ ಕಂಪೌಂಡರ್ ಆಗಿದ್ದವನು, ಒಂದು ಹೇಳಿದರೆ ಹತ್ತು ಮಾಡುತ್ತಾನೆ. ಆಪರೇಷನ್ನಿಗೆ ಬಿಸಾಡುವ ಪ್ಲಾಸ್ಟಿಕ್ ಹೊದಿಕೆ ಬೇಡ, ಮೊದಲಿನ ಹಾಗೆ ಹಸಿರು ಬಟ್ಟೆಯನ್ನೇ ಒಗೆದು ಆಟೋಕ್ಲೇವಿನ ಆವಿಯಲ್ಲಿ ಶುದ್ಧ ಮಾಡೋಣ ಎಂದೆ. ಮಾಡಿದ. ಜೊತೆಗೆ ನಾನು ಹೇಳದೆಯೇ, ಬಳಸಿದ ಕೈಗವಸುಗಳನ್ನೆಲ್ಲ ತೊಳೆದು ತಾರಸಿಯ ತಂತಿಗೆ ಕ್ಲಿಪ್ ಹಾಕಿ ಒಣಗಲು ಬಿಟ್ಟ. ಎಂಬತ್ತು ಕೈಗಳು ಗಾಳಿಗೆ ಆಡುತ್ತಿದ್ದವು. ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ತುಳಸಿಗೆ ನೀರು ಹಾಕಲು ಬಂದವರು ನೋಡಿ ಚೀರಿದ್ದಾರೆ. "ನೀವಽ ಹೇಳೀರಲ್ರೀ ಮೇಡಂ, ಒಗೀಬ್ಯಾಡ್ರಿ ಅಂತ!" ಎಂದು ನನಗೇ ತಿರುಗಿಸಿದ. ಅವನ ಕಡೆ ಒಗೆಯುವುದೆಂದರೆ ಬಿಸಾಡುವುದು ತಾನೇ. ಹಳದಿ ಚೀಲಕ್ಕೆ ಬ್ಯಾಂಡೇಜು, ಕೆಂಪು ಚೀಲಕ್ಕೆ ಸಿರಿಂಜು ಎಂದು ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದು ಅಂಟಿಸಿದ್ದೇನೆ. ಶನಿವಾರ ಹಳದಿ ಚೀಲ ಬಿಚ್ಚಿದರೆ ಒಳಗೆ ನಾಲ್ಕು ಮಾವಿನ ಓಟೆ.

ಇನ್ನು ನಿಮ್ಮ ಹಳೆಯ ಗಿರಾಕಿಗಳು. ನಾಯಿಗೆ ಒಂದು ದಿನ ಭೇದಿಯಾಗಿದೆ, ಮೊಸರನ್ನ ಕೊಡಿ, ಆಂಟಿಬಯಾಟಿಕ್ ಬೇಡ ಎಂದರೆ ಪ್ರತಾಪ ನಗರದ ಆ ಬ್ಯಾಂಕ್ ಮ್ಯಾನೇಜರು ಎದ್ದು ನಿಲ್ಲುತ್ತಾರೆ. "ಬಡೇ ಡಾಕ್ಟರ್ ಸಾಬ್ ತೋ ದೋ ಸೂಯಿ ಲಗಾತೇ ಥೇ." ದೊಡ್ಡ ಡಾಕ್ಟರು ಎರಡು ಸೂಜಿ ಹಾಕುತ್ತಿದ್ದರು, ಚಿಕ್ಕ ಡಾಕ್ಟರಿಗೆ ಸೂಜಿಯೇ ಬರುವುದಿಲ್ಲ. ಇದು ಇಡೀ ಬಡಾವಣೆಯ ಮಾತು.

ಇದೆಲ್ಲ ಹೇಗೋ ಸಹಿಸುತ್ತೇನೆ. ಸಹಿಸಲಾಗದ್ದು ಕಾಟೋಲ್ ರಸ್ತೆಯ ಗೋಶಾಲೆ. ಅಲ್ಲಿ ಈಗಲೂ ಹಸುಗಳಿಗೆ ಡೈಕ್ಲೋಫೆನಾಕ್ ಚುಚ್ಚುತ್ತಿದ್ದಾರೆ ಎಂದು ಪೂರ್ವಿ ಹೇಳಿದಳು. ಪೂರ್ವಿ ನೆನಪಿದ್ದಾಳಲ್ಲ, ನನ್ನ ಜೊತೆ ಓದಿದವಳು, ಈಗ ರಣಹದ್ದುಗಳ ಹಿಂದೆ ಜೀಪಿನಲ್ಲಿ ಸುತ್ತುತ್ತಾಳೆ. ಆ ನೋವಿನ ಔಷಧಿ ದನಗಳಿಗೆ ಕೊಡಕೂಡದೆಂದು ಸರ್ಕಾರ ನಿಷೇಧಿಸಿ ಹತ್ತೊಂಬತ್ತು ವರ್ಷವಾಯಿತು. ಅದನ್ನು ಚುಚ್ಚಿಸಿಕೊಂಡ ಹಸು ಸತ್ತರೆ, ಅದನ್ನು ತಿಂದ ರಣಹದ್ದೂ ಸಾಯುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಅಲ್ಲಿನ ವ್ಯವಸ್ಥಾಪಕ ಗುಲಾಬರಾವ್ ನಿಮ್ಮ ಭಕ್ತ. ಒಂದು ಫೋನು ಮಾಡಿ ಹೇಳಿ. ನನ್ನ ಮಾತು ಆತನ ಕಿವಿಗೆ ಬೀಳುವುದೇ ಇಲ್ಲ.

ಕೂಗಿ ಸುಸ್ತಾದ ನಿಮ್ಮ ಮಗಳು,
ಬೃಂದಾ


ಸರಸ್ವತಿಪುರಂ, ಮೈಸೂರು
27 ಜೂನ್ 2025

ಚಿ. ಬೃಂದಾಳಿಗೆ ಆಶೀರ್ವಾದ.

ಕಿರುಚಾಟ ತಲುಪಿತು. ಪಕ್ಕದ ಕೋಣೆಯಲ್ಲಿದ್ದ ಲೀಲಾಳಿಗೂ ಕೇಳಿಸಿತು, ಏಕೆಂದರೆ ಆ ಕೈಗವಸಿನ ಭಾಗವನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ. ಬಹಳ ನಕ್ಕಳು.

ನೀನು ನನಗೆ ಪರಿಸರ ಕಲಿಸಲು ಹೊರಟಿದ್ದೀಯ. ಸಂತೋಷ. ನಾನು ಎಂಬತ್ತೊಂಬತ್ತರಲ್ಲಿ ನಾಗಪುರಕ್ಕೆ ಬಂದಾಗ ನನ್ನ ಬಳಿ ಎರಡು ಗಾಜಿನ ಸಿರಿಂಜು, ಆರು ಸೂಜಿ, ಒಂದು ಸೀಮೆಎಣ್ಣೆ ಸ್ಟವ್ ಇತ್ತು. ಕುದಿಸುವುದು, ಚುಚ್ಚುವುದು, ಮತ್ತೆ ಕುದಿಸುವುದು. ಸೂಜಿ ಮೊಂಡಾದರೆ ಕಲ್ಲಿನ ಮೇಲೆ ಮಸೆಯುವುದು. ಆಗ ನಮಗೆ ಪರಿಸರ ಎನ್ನುವ ಪದ ಗೊತ್ತಿರಲಿಲ್ಲ, ಕಸವೂ ಇರಲಿಲ್ಲ. ನಿನ್ನ ಕಾಲದಲ್ಲಿ ಪದವೂ ಇದೆ, ನಾಲ್ಕು ಬಣ್ಣದ ಚೀಲದಲ್ಲಿ ಕಸವೂ ಇದೆ. ಯಾರು ಯಾರಿಗೆ ಪಾಠ ಹೇಳಬೇಕು?

ಎರಡು ಸೂಜಿಯ ವಿಷಯ. ಮೂವತ್ತು ಕಿಲೋಮೀಟರ್ ಸೈಕಲ್ ತುಳಿದು ಬಂದವನಿಗೆ ನಾಳೆ ನೋಡೋಣ ಎಂದು ಹೇಳಲು ಬರುತ್ತಿರಲಿಲ್ಲ. ನಾಳೆ ಅವನು ಬರುವುದಿಲ್ಲ. ಅದಕ್ಕೇ ಇವತ್ತೇ ಎರಡೂ ಹಾಕುತ್ತಿದ್ದೆ. ನಿನ್ನ ಬ್ಯಾಂಕ್ ಮ್ಯಾನೇಜರು ಕಾರಿನಲ್ಲಿ ಬರುತ್ತಾನೆ, ಅವನಿಗೆ ಮೊಸರನ್ನ ಹೇಳು, ನನ್ನ ಅಭ್ಯಂತರವಿಲ್ಲ.

ಸಿದ್ದೇಶನನ್ನು ಬೈಯಬೇಡ. ಅವನಿಗೆ ಮಾಡಬಾರದ್ದನ್ನು ಹೇಳಬೇಕು, ಮಾಡಬೇಕಾದ್ದನ್ನಲ್ಲ.

ಗೋಶಾಲೆಯ ವಿಷಯಕ್ಕೆ ನನ್ನನ್ನು ಎಳೆಯಬೇಡ. ಮಾರ್ಚಿ ಮೂವತ್ತೊಂದಕ್ಕೆ ನಾನು ಕ್ಲಿನಿಕ್ ನಿನ್ನ ಹೆಸರಿಗೆ ಬರೆದುಕೊಟ್ಟಾಯಿತು. ಗಿರಾಕಿಗಳೂ ನಿನ್ನವರೇ.

ಅಮ್ಮನಿಗೆ ಬಿ.ಪಿ. ಮಾತ್ರೆ ನೆನಪಿಸು.

ಇಂತಿ, ನಿವೃತ್ತ
ವೇಣುಗೋಪಾಲ


ಲಕ್ಷ್ಮೀ ನಗರ, ನಾಗಪುರ
20 ಜುಲೈ 2025

ಅಪ್ಪ,

ನಿವೃತ್ತರೇ, ನಮಸ್ಕಾರ. ಅಮ್ಮ ಮಾತ್ರೆ ನುಂಗುತ್ತಿದ್ದಾಳೆ. ನೆನಪಿಸಿದ್ದಕ್ಕೆ ನನಗೆ ಬೈಗುಳ ಬಿತ್ತು.

ನಿನ್ನೆ ಗೋಶಾಲೆಗೆ ನಾನೇ ಹೋಗಿದ್ದೆ. ಮಳೆ ಬಂದು ಅಂಗಳವೆಲ್ಲ ಕೆಸರು. ಇನ್ನೂರಕ್ಕೂ ಹೆಚ್ಚು ಹಸು, ಎಲ್ಲ ಮುದಿ, ಅರ್ಧಕ್ಕೆ ಕಾಲು ನೋವು. ಒಂದು ಬಿಳಿ ಹಸು ಗೊರಸು ಊದಿಸಿಕೊಂಡು ನೆಲ ಬಿಟ್ಟು ಏಳುತ್ತಿರಲಿಲ್ಲ. ಗುಲಾಬರಾವ್ ನನ್ನನ್ನು ಕಂಡು ಖುಷಿಯಿಂದ ಚಹಾ ತರಿಸಿದ. ಆಮೇಲೆ ನನ್ನ ಕಣ್ಣೆದುರಿಗೇ ಜೇಬಿನಿಂದ ಮೂರು ಮಿಲಿಯ ಐದು ಪುಟ್ಟ ಬಾಟಲಿ ತೆಗೆದು, ಒಂದೇ ಸಿರಿಂಜಿಗೆ ಎಳೆದುಕೊಂಡು, ಆ ಹಸುವಿಗೆ ಚುಚ್ಚಲು ಬಗ್ಗಿದ. ಮನುಷ್ಯರಿಗೆ ಕೊಡುವ ಬಾಟಲಿ! ಮೆಡಿಕಲ್ ಶಾಪಿನವನು ಐದೈದು ಕೊಡುತ್ತಾನಂತೆ, ಕೇಳುವುದೇ ಇಲ್ಲವಂತೆ. ನಾನು ಸಿರಿಂಜು ಕಿತ್ತುಕೊಂಡೆ. ಯಾರು ಹೇಳಿದ್ದು ನಿನಗೆ ಇದನ್ನು ಕೊಡು ಅಂತ ಎಂದು ಕೂಗಿದೆ.

"ಮ್ಯಾಡಮ್, ಸಾಹೇಬಾಂಚಿ ಚಿಠ್ಠಿ ಆಹೇ ನಾ ಜೀ!" ಸಾಹೇಬರ ಚೀಟಿ ಇದೆಯಲ್ಲ!

ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದ. ಆಫೀಸಿನ ಗೋಡೆಯ ಮೇಲೆ, ಕೃಷ್ಣನ ಕ್ಯಾಲೆಂಡರಿನ ಪಕ್ಕ, ನಿಮ್ಮ ಚೀಟಿ. ಲ್ಯಾಮಿನೇಟ್ ಮಾಡಿಸಿ, ಮೂಲೆಗೆ ಕುಂಕುಮ ಇಟ್ಟಿದ್ದಾನೆ. ನಿಮ್ಮ ಕೈಬರಹ, ನಿಮ್ಮ ಸಹಿ, ಕ್ಲಿನಿಕ್ಕಿನ ಮೊಹರು. 'ಕಾಲು ನೋವು, ಜ್ವರ, ಬಾವು: ಇದನ್ನು ಇಷ್ಟು ಕೊಡಿ, ಕಾಯಂ' ಎಂದು ಮರಾಠಿಯಲ್ಲಿ ಬರೆದಿದ್ದೀರಿ. ನಿಮ್ಮ ಆ ಕಾಯಂ ಚೀಟಿಯ ಪದ್ಧತಿ! ಪ್ರತಿ ಸಲ ಡಾಕ್ಟರು ಬರುವ ತಾಪತ್ರಯ ಬೇಡ ಎಂದು ದೂರದವರಿಗೆಲ್ಲ ಒಂದೊಂದು ಬರೆದುಕೊಟ್ಟುಬಿಡುತ್ತಿದ್ದಿರಿ. ಆ ಚೀಟಿಯ ಜೆರಾಕ್ಸ್ ಹಿಡಿದುಕೊಂಡೇ ಆತ ಅಂಗಡಿಗೆ ಹೋಗುವುದು.

ಎಂದಿನ ಹಾಗೆ ತಾರೀಕಿಲ್ಲ. ನೀವು ಒಂದು ಚೀಟಿಗೂ ತಾರೀಕು ಹಾಕಿದವರಲ್ಲ. ಎರಡು ಸಾವಿರದ ಆರಕ್ಕೆ ಮುಂಚಿನದಿರಬೇಕು, ಆಗ ಎಲ್ಲ ಡಾಕ್ಟರುಗಳೂ ಅದನ್ನೇ ಬರೆಯುತ್ತಿದ್ದರು. ನಿಮಗಾದರೂ ಏನು ಗೊತ್ತಿತ್ತು ಪಾಪ. ಗುಲಾಬರಾವ್‌ಗೂ ಹಾಗೇ ಹೇಳಿದೆ: ಇದು ಹಳೇ ಚೀಟಿ, ಆಗ ಸಾಹೇಬರಿಗೆ ಗೊತ್ತಿರಲಿಲ್ಲ. ಆತ ನಕ್ಕ. ಸಾಹೇಬರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾ ಎಂದ. ಕೊಂದುಹಾಕಬೇಕು ಅನ್ನಿಸಿತು.

ಸತ್ತ ಹಸುಗಳನ್ನು ಇವರು ಹಿಂದಿನ ಹಳ್ಳಕ್ಕೆ ಎಳೆದುಹಾಕುತ್ತಾರೆ. ಅಪ್ಪ, ಆ ಹಳ್ಳಕ್ಕೆ ಈಗ ರಣಹದ್ದು ಬರುತ್ತಿವೆ. ಪೂರ್ವಿ ಒಂಬತ್ತು ಎಣಿಸಿದ್ದಾಳೆ. ಸಾಕಿ ಕಾಡಿಗೆ ಬಿಟ್ಟವು ಕೆಲವು, ತಾವಾಗಿ ಬಂದವು ಕೆಲವು. ಎಷ್ಟೋ ವರ್ಷದ ಮೇಲೆ ಬಂದಿವೆ. ಬಂದದ್ದೇ ಇಲ್ಲಿಗಾ!

ಹಳ್ಳಕ್ಕೆ ಹಾಕಬೇಡಿ, ಹೂಳಿ ಎಂದರೆ ಜೆಸಿಬಿ ಎಲ್ಲಿಂದ ತರಲಿ ಎನ್ನುತ್ತಾನೆ. ಮೆಲಾಕ್ಸಿಕ್ಯಾಮ್ ಕೊಡು, ಅದರಿಂದ ಹದ್ದಿಗೆ ಏನೂ ಆಗುವುದಿಲ್ಲ ಎಂದರೆ, ಸಾಹೇಬರ ಚೀಟಿಯಲ್ಲಿ ಅದು ಇಲ್ಲ ಎನ್ನುತ್ತಾನೆ. ನನಗೆ ಬೇಕಾದ್ದು ನಿಮ್ಮಿಂದ ಎರಡೇ ಸಾಲು. 'ನಾನು ಕೊಟ್ಟ ಚೀಟಿ ರದ್ದು. ಆ ಔಷಧಿ ನಿಲ್ಲಿಸಿ.' ಕೆಳಗೆ ಸಹಿ. ದಯವಿಟ್ಟು ತಾರೀಕು.

ಕಾಯುತ್ತಿರುವ
ಬೃಂದಾ


ಮೈಸೂರು
8 ಆಗಸ್ಟ್ 2025

ಚಿ. ಬೃಂದಾಳಿಗೆ,

ಕಾಗದ ಬಂತು. ಇಲ್ಲೂ ಮಳೆ. ಲೀಲಾಳ ಮನೆಯ ಹಿತ್ತಿಲ ಬಾಗಿಲು ಉಬ್ಬಿ ಮುಚ್ಚುತ್ತಿಲ್ಲ, ಬಡಗಿಯ ಹಿಂದೆ ಓಡಾಟವಾಗಿದೆ.

ಬಿಳಿ ಹಸುವಿನ ಗೊರಸಿನ ಸಂದಿಯಲ್ಲಿ ಕೀವು ಇದೆಯೋ ನೋಡು. ಕೆತ್ತಿ ಬಿಡಿಸಿದರೆ ಅರ್ಧ ನೋವು ಹೋಗುತ್ತದೆ. ಕೆಸರಿನಿಂದ ಎತ್ತಿ ಒಣ ಹುಲ್ಲಿನ ಮೇಲೆ ಮಲಗಿಸಲು ಹೇಳು.

ಚೀಟಿಯ ವಿಷಯ ಬರೆದಿದ್ದೀಯ. ನಿವೃತ್ತನಾದವನ ಕಾಗದಕ್ಕೆ ಏನು ಬೆಲೆ? ನಿನ್ನ ಲೆಟರ್‌ಹೆಡ್ಡಿನಲ್ಲಿ ಹೊಸದು ಬರೆದು ಅದರ ಮೇಲೆ ಅಂಟಿಸು. ಸಾಕು. ಇದರ ಬಗ್ಗೆ ಮತ್ತೆ ಬರೆಯಬೇಡ.

ವೇಣುಗೋಪಾಲ


ಲಕ್ಷ್ಮೀ ನಗರ, ನಾಗಪುರ
16 ಸೆಪ್ಟೆಂಬರ್ 2025

ಅಪ್ಪ,

ಮತ್ತೆ ಬರೆಯಬೇಡ ಎಂದಿದ್ದಿರಿ. ಬರೆಯುತ್ತೇನೆ.

ಗುರುವಾರ ಬೆಳಿಗ್ಗೆ ಪೂರ್ವಿಯ ಫೋನು. ಒಂದು ಹದ್ದಿನ ಬೆನ್ನಿಗೆ ಕಟ್ಟಿದ ಯಂತ್ರ ಎರಡು ದಿನದಿಂದ ಒಂದೇ ಜಾಗ ತೋರಿಸುತ್ತಿದೆ ಎಂದಳು. ಅರಣ್ಯದವರ ಜೊತೆ ನಾನೂ ಹೋದೆ. ಗೋಶಾಲೆಯಿಂದ ಎರಡು ಕಿಲೋಮೀಟರ್ ದೂರದ ಒಂದು ಅರ್ಜುನ ಮರದ ಕೆಳಗೆ ಬಿದ್ದಿತ್ತು. ಇನ್ನೂ ಉಸಿರಿತ್ತು. ಕತ್ತು ಎತ್ತುವುದು, ಜೋತುಬಿಡುವುದು, ಮತ್ತೆ ಎತ್ತುವುದು. ನನ್ನ ಮಡಿಲಿನಲ್ಲೇ ಹೋಯಿತು. ಪೋಸ್ಟ್‌ಮಾರ್ಟಂ ಮಾಡಿದ್ದು ನಾನೇ. ಹೊಟ್ಟೆ ಬಿಚ್ಚಿದರೆ ಯಕೃತ್ತಿನ ಮೇಲೆ, ಹೃದಯದ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಡೈಕ್ಲೋಫೆನಾಕ್‌ನ ಈ ಗುರುತನ್ನು ಪುಸ್ತಕದಲ್ಲಿ ನೋಡಿದ್ದೆ. ಕೈಯಲ್ಲಿ ಹಿಡಿದದ್ದು ಮೊದಲ ಸಲ.

ನಿಮ್ಮ ಮಾತಿನಂತೆ ನನ್ನ ಲೆಟರ್‌ಹೆಡ್ಡಿನಲ್ಲಿ ಬರೆದು ಅಂಟಿಸಿದ್ದೆ ಅಪ್ಪ, ಆಗಸ್ಟಿನಲ್ಲೇ. ಗುಲಾಬರಾವ್ ಅದನ್ನು ಮರ್ಯಾದೆಯಿಂದ ಬಿಡಿಸಿ, ಮಡಿಸಿ, ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದ. ಸಾಹೇಬರ ಸಹಿ ಮುಚ್ಚಿಹೋಗುತ್ತಿತ್ತಂತೆ!

ಭಾನುವಾರ ಗೋಶಾಲೆಯಲ್ಲಿ ಸಭೆ ಕರೆದರು. ಟ್ರಸ್ಟಿನವರು, ಸುತ್ತಲಿನ ಹಳ್ಳಿಯವರು, ಅರಣ್ಯದವರು, ಎಲ್ಲ ಸೇರಿ ನಲವತ್ತು ಜನ. ಒಬ್ಬರು ಎದ್ದು ನಿಂತು, ಹದ್ದು ಸತ್ತರೆ ಪಾಪ, ಹಸು ನರಳಿದರೆ ಪಾಪವಲ್ಲವಾ ಎಂದರು. ನರಳಬೇಕಿಲ್ಲ, ಬೇರೆ ಔಷಧಿ ಇದೆ ಎಂದೆ. ಇನ್ನೊಬ್ಬರು ಗೋಡೆಯ ಕಡೆ ಕೈ ತೋರಿಸಿ, ವೇಣುಗೋಪಾಲ ಸಾಹೇಬರು ಬರೆದ ಔಷಧಿ ವಿಷ ಎನ್ನುತ್ತೀರಾ, ನಿಮ್ಮ ಅಪ್ಪ ವಿಷ ಕೊಟ್ಟರಾ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಹೇಳಿದೆ: ನನ್ನ ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸತ್ತರೂ ಬರೆಯುತ್ತಿರಲಿಲ್ಲ. ಬೇಕಾದರೆ ಈ ಹಸುವಿನ ಮೇಲೆ ಕೈಯಿಟ್ಟು ಹೇಳುತ್ತೇನೆ. ಕೈಯಿಟ್ಟೂ ಹೇಳಿದೆ. ಆ ಬಿಳಿ ಹಸುವಿನ ಮೇಲೆ. ಅಂದ ಹಾಗೆ ಅದರ ಗೊರಸಿನಲ್ಲಿ ಕೀವಿತ್ತು, ಬಿಡಿಸಿದ ಮೇಲೆ ಎದ್ದು ಓಡಾಡುತ್ತಿದೆ.

ಕೊನೆಗೆ ಅವರ ತೀರ್ಮಾನ ಇಷ್ಟು: ಸಾಹೇಬರು ಸ್ವಂತ ಕೈಯಲ್ಲಿ ಬರೆದರೆ ನಿಲ್ಲಿಸುತ್ತೇವೆ. ಇಲ್ಲವಾದರೆ ಇಲ್ಲ.

ಎಂಟು ಉಳಿದಿವೆ. ಎರಡು ಸಾಲು ಬರೆಯಲು ನಿಮಗೆ ಏನು ಧಾಡಿ? ನನ್ನ ಮೇಲಿನ ಸಿಟ್ಟನ್ನು ಆ ಹಕ್ಕಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೀರಾ? ನಾಚಿಕೆಯಾಗುತ್ತಿದೆ ನನಗೆ ಹೀಗೆ ಕೇಳಲು. ಆದರೂ ಕೇಳುತ್ತಿದ್ದೇನೆ.

ಬೃಂದಾ


ಲಕ್ಷ್ಮೀ ನಗರ
30 ಸೆಪ್ಟೆಂಬರ್ 2025

ಇವರಿಗೆ,

ನಾನು ನಿಮಗೆ ಕಾಗದ ಬರೆದು ಮೂವತ್ತು ವರ್ಷವಾಯಿತು. ಇದನ್ನು ಬೃಂದಾಳಿಗೆ ಹೇಳದೆ ಬರೆಯುತ್ತಿದ್ದೇನೆ. ಅವಳು ಕೆಳಗೆ ಕ್ಲಿನಿಕ್ಕಿನಲ್ಲಿದ್ದಾಳೆ, ಸಿದ್ದೇಶನ ಮೇಲೆ ಕೂಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ.

ಜುಲೈನಲ್ಲಿ ಅವಳು ನಿಮ್ಮ ಚೀಟಿಯ ಫೋಟೋ ತೆಗೆದುಕೊಂಡು ಬಂದು ನನಗೂ ತೋರಿಸಿದಳು. ನೋಡಮ್ಮ, ಅಪ್ಪನ ಅಕ್ಷರ ಎಷ್ಟು ಚೆನ್ನಾಗಿದೆ ಎಂದಳು. ನಾನು ಅಕ್ಷರ ನೋಡಲಿಲ್ಲ. ಮೇಲ್ಗಡೆ ಅಚ್ಚಾಗಿದ್ದ ಮೊಬೈಲ್ ನಂಬರು ನೋಡಿದೆ. ಆ ಫೋನು ನಿಮಗೆ ನಾನೇ ಕೊಡಿಸಿದ್ದು, ಇಪ್ಪತ್ತು ವರ್ಷದ ಸರ್ವೀಸಿಗೆ ಸ್ಕೂಲಿನವರು ಕೊಟ್ಟ ಬೋನಸ್ಸಿನಲ್ಲಿ. ಅದು ಎರಡು ಸಾವಿರದ ಹತ್ತನೇ ಇಸವಿ. ಅದಕ್ಕೆ ಮುಂಚಿನ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಇದ್ದದ್ದು ಮನೆಯ ಫೋನಿನ ನಂಬರು. ಆಗ ಬೃಂದಾ ಹಾಸ್ಟೆಲಿನಲ್ಲಿದ್ದಳು, ಅವಳಿಗೆ ಹೊಳೆದಿಲ್ಲ.

ಮೂವತ್ತೈದು ವರ್ಷ ಗಣಿತ ಪಾಠ ಮಾಡಿದವಳು ನಾನು. ಇಷ್ಟು ಕಳೆಯುವ ಲೆಕ್ಕ ಬರುತ್ತದೆ.

ಹುಡುಗಿ ಊರವರ ಮುಂದೆ ಹಸುವಿನ ಮೇಲೆ ಕೈಯಿಟ್ಟು ಆಣೆ ಮಾಡಿ ಬಂದಿದ್ದಾಳೆ. ಅದನ್ನು ಹೇಳುವಾಗ ಅವಳ ಮುಖ ನೀವು ನೋಡಬೇಕಿತ್ತು. ನಾನು ಅಡುಗೆಮನೆಗೆ ಎದ್ದುಹೋದೆ. ಬೀರು ಖಾಲಿ ಮಾಡಿದ್ದಕ್ಕೆ ನೀವು ಮನೆ ಬಿಟ್ಟು ಹೋದಿರಿ ಎಂದು ಅವಳು ನಂಬಿದ್ದಾಳೆ. ಬೀರುವಿನಲ್ಲಿ ಏನಿತ್ತು ಎಂದು ಅವಳು ಡಬ್ಬ ಬಿಚ್ಚಿ ನೋಡಿಬಿಟ್ಟಿದ್ದರೆ ಎಂಬ ಹೆದರಿಕೆಗೆ ಹೋದಿರಿ ಎಂದು ನಾನು ತಿಳಿದಿದ್ದೇನೆ. ಅವಳು ಬಿಚ್ಚಲಿಲ್ಲ. ಎಲ್ಲ ಸೀಲ್ ಮಾಡಿ ಕೊಟ್ಟಳು.

ನಾನು ಅವಳಿಗೆ ಏನೂ ಹೇಳುವುದಿಲ್ಲ. ಹೇಳಬೇಕಾದವರು ನೀವು. ಸಾಕಾಗಿದೆ ನನಗೆ ನಿಮ್ಮಿಬ್ಬರ ನಡುವೆ.

ಮೈಸೂರಿನಲ್ಲಿ ಚಳಿ ಶುರುವಾಗುವ ಮುಂಚೆ ಸ್ವೆಟರ್ ಬೇಕಾದರೆ ತಿಳಿಸಿ. ಬರುವುದಾದರೆ ಕಳಿಸುವುದಿಲ್ಲ.

ವೇದ


ಮೈಸೂರು
24 ಅಕ್ಟೋಬರ್ 2025

ಚಿ. ಬೃಂದಾಳಿಗೆ,

ಆಶೀರ್ವಾದ ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಇರಲಿ ಬಿಡು.

ಇದು ನನ್ನ ನಾಲ್ಕನೆಯ ಪ್ರಯತ್ನ. ನೀನು ಕೇಳಿದ ಎರಡು ಸಾಲು ಜುಲೈನಲ್ಲೇ ಬರೆದಿದ್ದೆ. ಅಂಚೆಗೆ ಹಾಕಲಾಗಲಿಲ್ಲ. ರದ್ದು ಎಂದು ಬರೆದರೆ ಯಾವಾಗ ಬರೆದದ್ದು ಎಂದು ಯಾರಾದರೂ ಕೇಳುತ್ತಾರೆ. ನೀನು ಆರನೇ ಇಸವಿಗೆ ಮುಂಚೆ ಎನ್ನುತ್ತೀಯ. ನಾನು ಸುಮ್ಮನಿರಬೇಕಾಗುತ್ತದೆ.

ಆ ಚೀಟಿ ನಾನು ಬರೆದದ್ದು 2011ರಲ್ಲಿ. ಅದರ ಮೇಲಿನ ಮೊಬೈಲ್ ನಂಬರು ನೋಡು.

ನಿಷೇಧದ ಸುತ್ತೋಲೆ ಬಂದಾಗಲೇ ಓದಿದ್ದೆ. ನಾಲ್ಕು ವರ್ಷ ಬಿಟ್ಟೂ ಇದ್ದೆ. ಬೇರೆ ಔಷಧಿ ಕೊಟ್ಟರೆ ಹಸು ಏಳಲು ಒಂದು ದಿನ, ಎರಡು ದಿನ. ಅಷ್ಟು ಹೊತ್ತು ಜನ ನನ್ನ ಮುಖ ನೋಡಿಕೊಂಡು ಕೂರುತ್ತಿದ್ದರು. ಹಳೆಯದಾದರೆ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುತ್ತಿತ್ತು, ಗುಲಾಬರಾವ್ ನನ್ನ ಕಾಲಿಗೆ ಬೀಳುತ್ತಿದ್ದ. ಪಕ್ಕದ ಊರಿನ ನಾಟಿ ಡಾಕ್ಟರೊಬ್ಬ ಅದನ್ನೇ ಕೊಟ್ಟು ನನ್ನ ಗೋಶಾಲೆಯನ್ನು ಹಿಡಿದುಕೊಳ್ಳುತ್ತಿದ್ದ. ಒಂದು ಚಳಿಗಾಲ ನಾನೂ ಮತ್ತೆ ಶುರು ಮಾಡಿದೆ. ಬೀರುವಿನಲ್ಲಿ ಇದ್ದದ್ದೂ ಅದೇ.

ಆಗ ಆ ಹಳ್ಳದಲ್ಲಿ ಒಂದು ಹದ್ದೂ ಇರಲಿಲ್ಲ. ನಾನು ಬಂದ ಹೊಸತರಲ್ಲಿ ಒಂದೊಂದು ಹೆಣಕ್ಕೆ ನಲವತ್ತು ಐವತ್ತು ಇಳಿಯುತ್ತಿದ್ದವು. ಹನ್ನೊಂದರಲ್ಲಿ ಬರೀ ನಾಯಿಗಳು. ಇಲ್ಲದ ಹಕ್ಕಿಗಾಗಿ ಇರುವ ಹಸುವನ್ನು ಯಾಕೆ ನರಳಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅವು ಮತ್ತೆ ಬರುತ್ತವೆ ಎಂದು ನಾನು ಅಂದುಕೊಂಡಿರಲಿಲ್ಲ ಬೃಂದಾ. ಒಂಬತ್ತು ಬಂದಿವೆ ಎಂದು ನೀನು ಬರೆದ ದಿನ ನನಗೆ ಊಟ ಸೇರಲಿಲ್ಲ.

ಕಾಯಂ ಚೀಟಿ ಯಾಕೆ ಕೊಟ್ಟೆ ಎಂದು ನೀನು ಕೇಳಿಲ್ಲ. ದೂರದವರಿಗೆ ತಾಪತ್ರಯ ಬೇಡ ಎಂದು ಕೊಟ್ಟದ್ದಲ್ಲ. ಪ್ರತಿ ಸಲ ಆ ಹೆಸರು ಬರೆಯಲು ನನಗೆ ಕೈ ಏಳುತ್ತಿರಲಿಲ್ಲ. ಒಂದೇ ಸಲ ಬರೆದುಕೊಟ್ಟು ಕೈ ತೊಳೆದುಕೊಂಡೆ. ತಾರೀಕು ಹಾಕದೆ ಇದ್ದದ್ದು ಬೇರೆ ಚೀಟಿಗಳಲ್ಲಿ ಅಭ್ಯಾಸ. ಅದರಲ್ಲಿ ಬೇಕೆಂದೇ.

ಜೊತೆಗೆ ಗುಲಾಬರಾವ್‌ಗೆ ಮರಾಠಿಯಲ್ಲಿ ಒಂದು ಕಾಗದ ಇಟ್ಟಿದ್ದೇನೆ. ಸಭೆಯಲ್ಲಿ ಓದಲಿ. ಅದರಲ್ಲಿರುವುದು ಇಷ್ಟು:

'ನಾನು 2011ರಲ್ಲಿ ನಿಮಗೆ ಕೊಟ್ಟ ಚೀಟಿ ರದ್ದು. ಆ ಔಷಧಿ ಹಕ್ಕಿಗಳನ್ನು ಕೊಲ್ಲುತ್ತದೆ ಎಂದು ಆಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ನನ್ನ ಮಗಳಿಗೆ ಇದು ಗೊತ್ತಿರಲಿಲ್ಲ, ಅವಳು ಮಾಡಿದ ಆಣೆಯ ಪಾಪ ನನ್ನದು. ಇನ್ನು ಮೇಲೆ ಅವಳು ಹೇಳಿದ ಔಷಧಿಯನ್ನೇ ಕೊಡಿ.'

ಸಹಿ ಇದೆ. ತಾರೀಕೂ ಇದೆ.

ಇದನ್ನು ಓದಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು ಎಂದು ಬರೆಯಹೊರಟೆ. ಅದೂ ತಪ್ಪಿಸಿಕೊಳ್ಳುವ ಮಾತೇ. ಓದಿಸು.

ವೇಣುಗೋಪಾಲ


ಲಕ್ಷ್ಮೀ ನಗರ, ನಾಗಪುರ
9 ನವೆಂಬರ್ 2025

ಅಪ್ಪ,

ಓದಿಸಿದೆ. ಓದಿಸಲಿಲ್ಲ, ನಾನೇ ಓದಿದೆ. ಗುಲಾಬರಾವ್‌ಗೆ ಕನ್ನಡಕ ಸಿಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಬಂದಿರುವ ಸಿಟ್ಟು ಇಳಿದಿಲ್ಲ. ನಿಮ್ಮ ಕಾಗದ ಬಂದ ದಿನ ಕ್ಲಿನಿಕ್ ಮುಚ್ಚಿ ಮೇಲೆ ಹೋಗಿ ಮಲಗಿದೆ. ಅಮ್ಮ ಬಾಗಿಲು ತಟ್ಟಲಿಲ್ಲ. ಅವಳಿಗೂ ಗೊತ್ತಿತ್ತು ಎಂದು ಆಗಲೇ ಹೊಳೆದದ್ದು. ಒಂದು ದಿನ ಅವಳ ಜೊತೆಗೂ ಮಾತು ಬಿಟ್ಟೆ. ನಲವತ್ತು ಜನರ ಮುಂದೆ ನಾನು ಹಸುವಿನ ಮೇಲೆ ಕೈಯಿಟ್ಟು ಸುಳ್ಳು ಹೇಳಿದ್ದೇನೆ. ಸುಳ್ಳು ಅಂತ ಗೊತ್ತಿಲ್ಲದೆ ಹೇಳಿದ್ದೇನೆ, ಆದರೂ ಹೇಳಿದ್ದೇನೆ. ನೀವು ನನ್ನನ್ನು ಅಲ್ಲಿಗೆ ತಂದು ನಿಲ್ಲಿಸಿದಿರಿ. ಜುಲೈನಲ್ಲೇ ಹೇಳಿದ್ದರೆ ಆ ಹಕ್ಕಿ ನನ್ನ ಮಡಿಲಿನಲ್ಲಿ ಸಾಯುತ್ತಿರಲಿಲ್ಲ. ಇದನ್ನು ನಾನು ಮರೆಯುವುದಿಲ್ಲ. ನೀವೂ ಮರೆಯಬೇಡಿ.

ಓದಿ ಮುಗಿಸಿದೆ. ಆಮೇಲೆ ಗುಲಾಬರಾವ್ "ಸಾಹೇಬರೇ ಹೀಗೆ ಬರೆದಿದ್ದಾರಾ?" ಎಂದು ಕೇಳಿದ. ನಿಜವಾಗಿಯೂ ನಿಮ್ಮ ಅಕ್ಷರವೇನಾ ಎಂದು ತಿರುಗಿಸಿ ಮುರುಗಿಸಿ ನೋಡಿದ. ಅಳುತ್ತಿದ್ದ. ಎದ್ದು ಹೋಗಿ ಅಲಮಾರಿಯಲ್ಲಿದ್ದ ಬಾಟಲಿಗಳನ್ನೆಲ್ಲ ತಂದು ನನ್ನ ಚೀಲಕ್ಕೆ ಹಾಕಿದ. ಒಟ್ಟು ಅರವತ್ತೆರಡು. ಟ್ರಸ್ಟಿನವರಿಗೆ ನಿಮ್ಮ ಮೇಲೆ ಬೇಸರವಾಗಿದೆ, ಇಬ್ಬರು ಬಹಳ ಕೆಟ್ಟ ಮಾತಾಡಿದರು. ನಾನು ಅವರಿಗೆ ಎದುರು ಹೇಳಲಿಲ್ಲ.

ಆದರೆ ನಿಲ್ಲಿಸಿದ್ದಾರೆ. ಹತ್ತು ದಿನವಾಯಿತು. ಈಗ ತೊಂದರೆ ಬೇರೆ. ಹೊಸ ಔಷಧಿ ಕೊಟ್ಟು ಎರಡು ಗಂಟೆಗೆ ಹಸು ಏಳದಿದ್ದರೆ ಗುಲಾಬರಾವ್ ನನಗೆ ಫೋನು ಮಾಡುತ್ತಾನೆ. ಮೂರು ಗಂಟೆಗೆ ಮತ್ತೆ. ನಾಲ್ಕು ಗಂಟೆಗೆ ಮತ್ತೆ. ಮೆಡಿಕಲ್ ಅಂಗಡಿಯವನು ಸುಮ್ಮನೆ ಕೂತಿದ್ದಾನೆ, ಈತ ಯಾವತ್ತು ಸೋತು ಬರುತ್ತಾನೆ ಎಂದು. ಎಷ್ಟು ದಿನ ತಡೆದಾನು? ನಾನು ಕೂಗಿದರೆ ಈತ ಹೆದರುವುದಿಲ್ಲ. ಗೊರಸು ಕೆತ್ತಲು ಸಿದ್ದೇಶನಿಗೆ ಕಲಿಸಬೇಕು, ಇನ್ನೂರು ಹಸುವಿನ ಗೊರಸು ನಾನೊಬ್ಬಳೇ ಕೆತ್ತಲಾರೆ. ಹಸುಗಳ ಪಕ್ಕ ಒಣ ಹುಲ್ಲು ಹಾಸಿಕೊಂಡು, ಎರಡು ದಿನ ಕಾಯಬೇಕು ಕಾಯಿ ಎಂದು ಗುಲಾಬರಾವ್‌ನನ್ನು ಕೂರಿಸಿಕೊಳ್ಳುವ ಒಬ್ಬ ಮನುಷ್ಯ ಬೇಕು. ಆ ಎರಡು ದಿನ ಕೂರಲಾಗದೆ ತಾನೇ ನೀವು ಇಷ್ಟೆಲ್ಲ ಮಾಡಿದ್ದು. ಈಗ ಬಂದು ಕೂತುಕೊಳ್ಳಿ.

ಹತ್ತೊಂಬತ್ತನೇ ತಾರೀಕಿಗೆ ಬೆಂಗಳೂರಿನಿಂದ ಟಿಕೆಟ್ ಮಾಡಿಸಿದ್ದೇನೆ. ಲೀಲತ್ತೆಗೆ ಹೇಳಿಯಾಗಿದೆ, ಅವರೇ ನಿಮ್ಮ ಚೀಲ ತುಂಬುತ್ತಾರೆ.

ಬರುವಾಗ ಕ್ಷಮೆ ಕೇಳುವ ಮುಖ ಮಾಡಿಕೊಂಡು ಬರಬೇಡಿ ಅಪ್ಪ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ. ಯಾವಾಗಲಿನ ಹಾಗೆ ಸಿಡುಕಿಕೊಂಡೇ ಬನ್ನಿ. ನಾನೂ ಕೂಗಿಕೊಂಡೇ ಸ್ಟೇಷನ್ನಿಗೆ ಬರುತ್ತೇನೆ.

ನಿಮ್ಮ
ಬೃಂದಾ